ಜೀನ್ ಎಲ್ಲಿಂದ ಶುರುವಾಗಬೇಕು: ಅಳೆದು, ಬಗ್ಗಿಸಿ, ಬಿಡಿಸುವ ಪ್ರೋಟೀನ್ ಕೂಟ

ಕುಮಟಾದಲ್ಲಾಗಲಿ ಶಿರಸಿಯಲ್ಲಾಗಲಿ ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವ ಪಾಠ ಹೊಸದಲ್ಲ. ಪಠ್ಯಪುಸ್ತಕ ಬ್ಯಾಕ್ಟೀರಿಯಾದ ವಿಷಯವನ್ನು ಸಾಕಷ್ಟು ವಿಸ್ತಾರವಾಗಿಯೇ ಹೇಳುತ್ತದೆ: ಅಲ್ಲಿರುವುದು ಡಿಎನ್‌ಎಯ ನಕಲು ತೆಗೆಯುವ ಒಂದೇ ಕಿಣ್ವ, ಆರ್‌ಎನ್‌ಎ ಪಾಲಿಮರೇಸ್, ಅದರ ಜೊತೆಗೆ ಸಿಗ್ಮಾ ಎಂಬ ಒಂದು ಪ್ರೋಟೀನ್, ಇವೆರಡೂ ಸೇರಿ ಜೀನಿನ ಆರಂಭದ ಬಳಿಯಿರುವ ಪ್ರೊಮೋಟರ್ ಭಾಗವನ್ನು ಗುರುತಿಸಿ ನಕಲು ಆರಂಭಿಸುತ್ತವೆ. ಮನುಷ್ಯನ ಜೀವಕೋಶದ ಸರದಿ ಬಂದಾಗ ಮಾತ್ರ ಪುಸ್ತಕ ಮೂರು ಪಾಲಿಮರೇಸ್‌ಗಳ ಹೆಸರು ಹೇಳಿ, ನಕಲಿನಲ್ಲಿ ಬೇಡವಾದ ಇಂಟ್ರಾನ್ ಭಾಗಗಳನ್ನು ಕತ್ತರಿಸುವ ವಿಷಯಕ್ಕೆ ಬೇಗ ಹೊರಟುಬಿಡುತ್ತದೆ. ಹೀಗಾಗಿ ನಿಜವಾಗಿ ಕಷ್ಟವಾದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಮ್ಮ ಒಂದೊಂದು ಜೀವಕೋಶದಲ್ಲಿಯೂ 600 ಕೋಟಿಗೂ ಮಿಕ್ಕಿ ಬೇಸ್ ಜೋಡಿಗಳು, ಅಂದರೆ ಡಿಎನ್‌ಎ ಬರಹದ ಅಕ್ಷರಗಳ ಜೋಡಿಗಳು, ಇವೆ. ಅವುಗಳ ನಡುವೆ ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಸುಮಾರು 20 ಸಾವಿರ ಬಗೆಯ ಜೀನ್‌ಗಳು ಹರಡಿಕೊಂಡಿವೆ. ಇಷ್ಟು ಉದ್ದದ ಬರಹದಲ್ಲಿ ಒಂದು ಜೀನಿನ ನಕಲು ಇಂಥ ಜಾಗದಿಂದಲೇ ಶುರುವಾಗಬೇಕು ಎಂಬುದು ಕಿಣ್ವಕ್ಕೆ ಹೇಗೆ ಗೊತ್ತಾಗುತ್ತದೆ?

ಕಿಣ್ವಕ್ಕೆ ಅದು ಗೊತ್ತಾಗುವುದಿಲ್ಲ ಎಂಬುದೇ ಉತ್ತರದ ಮೊದಲ ಭಾಗ. ಪ್ರಾಣಿಕೋಶಗಳಲ್ಲಿ ಮೂರು ಬಗೆಯ ಪಾಲಿಮರೇಸ್‌ಗಳಿವೆಯೆಂದು ರಾಬರ್ಟ್ ರೋಡರ್ ಮತ್ತು ವಿಲಿಯಂ ರಟರ್ 1969ರಲ್ಲಿ ತೋರಿಸಿಕೊಟ್ಟರು. ಅವುಗಳಲ್ಲಿ ಎರಡನೆಯದು, ಅಂದರೆ ಪಾಲಿಮರೇಸ್-2, ಪ್ರೋಟೀನ್ ಜೀನ್‌ಗಳ ನಕಲು ತೆಗೆಯುವಂಥದು. ಹನ್ನೆರಡು ಉಪಘಟಕಗಳು ಸೇರಿ, ಸುಮಾರು 5 ಲಕ್ಷ ಡಾಲ್ಟನ್ (ಒಂದು ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಜಲಜನಕ ಪರಮಾಣುವಿನ ತೂಕ) ತೂಗುವ ಈ ಕಿಣ್ವದ ಪರಮಾಣು ಮಟ್ಟದ ರಚನೆಯನ್ನು ರೋಜರ್ ಕೋರ್ನ್‌ಬರ್ಗ್ ಅವರ ತಂಡ ಯೀಸ್ಟಿನಿಂದ ಪಡೆದು 2001ರಲ್ಲಿ ಪ್ರಕಟಿಸಿತು. 2006ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದದ್ದು ಈ ಕೆಲಸದ ಮೇಲೆಯೇ. ಎರಡು ದೊಡ್ಡ ಉಪಘಟಕಗಳ ನಡುವೆ ಆಳವಾದ ಒಂದು ಸೀಳು, ಅದರ ತಳದಲ್ಲಿ ಮೆಗ್ನೀಸಿಯಂ ಅಯಾನು ಕುಳಿತಿರುವ ಕ್ರಿಯಾಸ್ಥಾನ, ಡಿಎನ್‌ಎ ಒಳಬಂದ ಮೇಲೆ ಮುಚ್ಚಿಕೊಳ್ಳಬಲ್ಲ ಒಂದು ಪಕ್ಕದ ಭಾಗ, ಇಷ್ಟೆಲ್ಲ ಅಲ್ಲಿ ಕಂಡಿತು. ಕಾಣದೇ ಹೋದದ್ದು ಪ್ರೊಮೋಟರನ್ನು ಗುರುತಿಸುವ ಭಾಗ, ಏಕೆಂದರೆ ಅಂಥ ಭಾಗವೇ ಈ ಕಿಣ್ವದಲ್ಲಿಲ್ಲ. ಶುದ್ಧಗೊಳಿಸಿದ ಪಾಲಿಮರೇಸ್-2 ಅನ್ನು ಬರೀ ಡಿಎನ್‌ಎ ಜೊತೆ ಕೊಳವೆಯಲ್ಲಿ ಬಿಟ್ಟರೆ ಅದು ಜೀನಿನ ಆರಂಭದಿಂದ ನಕಲು ತೆಗೆಯುವುದಿಲ್ಲ. ಡಿಎನ್‌ಎ ಎಲ್ಲಿ ಹರಿದಿದೆಯೋ, ಎಲ್ಲಿ ತುದಿ ಬಿಚ್ಚಿಕೊಂಡಿದೆಯೋ ಅಲ್ಲಿಂದ ಮನಸ್ಸಿಗೆ ಬಂದ ಹಾಗೆ ಹೊರಡುತ್ತದೆ.

ಜಾಗ ತೋರಿಸುವ ಕೆಲಸ ಬೇರೆಯವರದು. ರೋಡರ್ ಅವರ ಪ್ರಯೋಗಾಲಯದಲ್ಲಿ ಮಾನವ ಕೋಶಗಳ ಸಾರವನ್ನು ರಾಸಾಯನಿಕ ತುಂಬಿದ ಉದ್ದನೆಯ ಕೊಳವೆಗಳ ಮೂಲಕ ಹಾಯಿಸಿ, ಬೇರೆಬೇರೆಯಾಗಿ ಇಳಿದ ಭಾಗಗಳಿಗೆ ಎ, ಬಿ, ಸಿ, ಡಿ ಎಂದು ಗುರುತು ಹಾಕಲಾಗಿತ್ತು. ಟಿಎಫ್2ಎ, ಟಿಎಫ್2ಬಿ, ಟಿಎಫ್2ಡಿ, ಟಿಎಫ್2ಇ, ಟಿಎಫ್2ಎಫ್, ಟಿಎಫ್2ಎಚ್ ಎಂಬ ನೀರಸ ಹೆಸರುಗಳು ಹುಟ್ಟಿದ್ದು ಆ ಚೀಟಿಗಳಿಂದ (ಟಿಎಫ್ ಎಂದರೆ ನಕಲಿಗೆ ಬೇಕಾದ ಪ್ರೋಟೀನ್, 2 ಎಂದರೆ ಪಾಲಿಮರೇಸ್-2ರದು). ಈ ಸಾಲಿನಲ್ಲಿ 'ಸಿ' ಇಲ್ಲದಿರುವುದಕ್ಕೂ ಕಾರಣವಿದೆ: ಆ ಭಾಗದಲ್ಲಿದ್ದದ್ದು ಆರಂಭಕ್ಕೆ ಬೇಕಾದ ಪ್ರೋಟೀನ್ ಅಲ್ಲ, ಹರಿದ ಡಿಎನ್‌ಎ ತುದಿಗಳನ್ನು ಹಿಡಿದುಕೊಂಡು ಪಾಲಿಮರೇಸ್ ದಾರಿತಪ್ಪದಂತೆ ನೋಡಿಕೊಳ್ಳುತ್ತಿದ್ದ ಇನ್ನೊಂದು ಕಿಣ್ವ ಎಂದು ಆಮೇಲೆ ತಿಳಿಯಿತು.

ಇವರಲ್ಲಿ ಮೊದಲು ಡಿಎನ್‌ಎ ಮುಟ್ಟುವುದು ಟಿಎಫ್2ಡಿ, ಮತ್ತು ಅದರೊಳಗಿನ ಟಿಬಿಪಿ ಎಂಬ ಚಿಕ್ಕ ಪ್ರೋಟೀನ್. ಕೆಲವು ಜೀನ್‌ಗಳಲ್ಲಿ ಆರಂಭಬಿಂದುವಿಗಿಂತ ಸುಮಾರು 30 ಬೇಸ್ ಜೋಡಿ ಹಿಂದೆ ಟಿ ಮತ್ತು ಎ ಅಕ್ಷರಗಳೇ ತುಂಬಿದ ಒಂದು ಚಿಕ್ಕ ಸಾಲು ಇರುತ್ತದೆ. ಅದನ್ನು ಟಾಟಾ ಪೆಟ್ಟಿಗೆ ಎನ್ನುತ್ತಾರೆ. ಟಿಬಿಪಿ ಅಲ್ಲಿ ಕೂರುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಿಎನ್‌ಎ ಸುರುಳಿಗೆ ಅಗಲವಾದ ಒಂದು ತೋಡು, ಕಿರಿದಾದ ಒಂದು ತೋಡು ಇವೆ. ಅಕ್ಷರಗಳನ್ನು ಓದುವ ಪ್ರೋಟೀನ್‌ಗಳು ಸಾಮಾನ್ಯವಾಗಿ ಅಗಲದ ತೋಡನ್ನೇ ಆರಿಸಿಕೊಳ್ಳುತ್ತವೆ, ಅಲ್ಲಿ ಅಕ್ಷರಗಳ ಅಂಚು ಚೆನ್ನಾಗಿ ಸಿಗುತ್ತದೆ. ಟಿಬಿಪಿ ಆರಿಸಿಕೊಂಡಿರುವುದು ಕಿರಿದಾದುದನ್ನು. ತನ್ನ ಬಾಗಿದ ಒಳಮೈಯನ್ನು ಆ ತೋಡಿಗೆ ಒತ್ತಿ ಅದನ್ನು ಅಗಲಿಸುತ್ತದೆ. ಎಂಟು ಜೋಡಿಗಳ ಆ ಸಾಲಿನ ಎರಡೂ ತುದಿಗಳಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ಎರಡೆರಡು ಉಂಗುರಗಳನ್ನು ಒಂದರ ಮೇಲೊಂದಿರುವ ಬೇಸ್ ಜೋಡಿಗಳ ನಡುವೆ ತೂರಿಸುತ್ತದೆ. ಆ ಎರಡು ಕಡೆ ಡಿಎನ್‌ಎ ಮಡಿಕೆ ಬೀಳುತ್ತದೆ, ಒಟ್ಟಾರೆ ಸುಮಾರು 80 ಡಿಗ್ರಿ ಬಾಗುತ್ತದೆ. ತನ್ನಷ್ಟಕ್ಕೆ ಬಿಟ್ಟರೆ 150 ಜೋಡಿಗಳಷ್ಟು ಉದ್ದದವರೆಗೂ ನೆಟ್ಟಗೆ ನಿಲ್ಲಲು ನೋಡುವ ಡಿಎನ್‌ಎ ಎಂಟೇ ಜೋಡಿಗಳ ಜಾಗದಲ್ಲಿ ಇಷ್ಟು ಬಾಗುವುದು ಸಣ್ಣ ಮಾತಲ್ಲ. 1993ರಲ್ಲಿ ಎರಡು ತಂಡಗಳು ಇದನ್ನು ಸ್ಫಟಿಕಗಳಲ್ಲಿ ಕಂಡವು. ಒಂದು ತಂಡ ಬಳಸಿದ್ದು ಯೀಸ್ಟಿನ ಟಿಬಿಪಿ, ಇನ್ನೊಂದು ತಂಡ ಬಳಸಿದ್ದು ಅರಬಿಡಾಪ್ಸಿಸ್ ಎಂಬ, ಸಾಸಿವೆ ಕುಟುಂಬದ ಪುಟ್ಟ ಗಿಡದ ಟಿಬಿಪಿ. ಎರಡರಲ್ಲೂ ಬಾಗುವಿಕೆ ಒಂದೇ ಬಗೆಯದು, ಮನುಷ್ಯನ ಟಿಬಿಪಿಯಲ್ಲಿ ಆಮೇಲೆ ಕಂಡದ್ದೂ ಅದೇ.

ಈ ಎಂಟು ಜೋಡಿಗಳಲ್ಲಿ ಒಂದು ಅಕ್ಷರ ತಪ್ಪಿದರೂ ಪರಿಣಾಮ ದೇಹಕ್ಕೆ ತಟ್ಟುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಜೀನಿನಲ್ಲಿ, ಆರಂಭಬಿಂದುವಿಗಿಂತ 28 ಅಥವಾ 29ನೆಯ ಸ್ಥಾನ ಹಿಂದೆ, ಒಂದೇ ಒಂದು ಅಕ್ಷರ ಬದಲಾದ ಕುಟುಂಬಗಳಿವೆ. ಅವರ ಬೀಟಾ ಸರಪಳಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಅದು ತಯಾರಾಗುವ ಪ್ರಮಾಣ ಮಾತ್ರ ಕಡಿಮೆಯಾಗಿ ಬೀಟಾ ಥಲಸ್ಸೇಮಿಯಾ ಎಂಬ ರಕ್ತಹೀನತೆಯ ಕಾಯಿಲೆಯ ಒಂದು ರೂಪ ಕಾಣಿಸಿಕೊಳ್ಳುತ್ತದೆ.

ಟಾಟಾ ಪೆಟ್ಟಿಗೆಯ ಈ ವಿವರ ಎಷ್ಟು ಚೊಕ್ಕವಾಗಿದೆಯೆಂದರೆ ಬಹಳ ಪುಸ್ತಕಗಳು ಇಲ್ಲಿಗೇ ನಿಂತುಬಿಡುತ್ತವೆ. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಮನುಷ್ಯನ ಜೀನ್‌ಗಳಲ್ಲಿ ಸರಿಯಾದ ಟಾಟಾ ಪೆಟ್ಟಿಗೆ ಇರುವವು ಅಲ್ಪಸಂಖ್ಯಾತ. ಹೆಚ್ಚಿನ ಜೀನ್‌ಗಳಲ್ಲಿ ಅದು ಇಲ್ಲವೇ ಇಲ್ಲ. ತರಗತಿಯಲ್ಲಿ ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆ ನ್ಯಾಯವಾದದ್ದೇ: "ಹಂಗಾದ್ರೆ ಟಾಟಾ ಇಲ್ದೇ ಇದ್ದಲ್ಲಿ ಅದು ಎಂತ ಮಾಡ್ತದೆ ಸರ್?" ಇದಕ್ಕೆ ತೃಪ್ತಿಯಾಗುವಂಥ ಉತ್ತರ ಸಿಕ್ಕಿದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ, ಟಿಎಫ್2ಡಿ ಕೂಟವನ್ನು ಇಡಿಯಾಗಿ ನೋಡಲು ಸಾಧ್ಯವಾದ ಮೇಲೆ.

ಅದನ್ನು ನೋಡುವುದು ಸುಲಭವಿರಲಿಲ್ಲ. ಟಿಬಿಪಿಯ ಜೊತೆ ಟಾಫ್ ಎಂಬ ಹದಿಮೂರು ಬಗೆಯ ಪ್ರೋಟೀನ್‌ಗಳು ಸೇರಿ ಟಿಎಫ್2ಡಿ ಆಗುತ್ತದೆ. ಅವುಗಳಲ್ಲಿ ಕೆಲವು ಎರಡೆರಡು ಪ್ರತಿಗಳಲ್ಲಿ ಇರುತ್ತವೆ. ಜೀವಕೋಶದಲ್ಲಿ ಇದರ ಪ್ರಮಾಣ ತೀರ ಕಡಿಮೆ, ಒಂದು ಭಾಗ ಸದಾ ಅಲುಗಾಡುತ್ತಿರುತ್ತದೆ, ಹೀಗಾಗಿ ಸ್ಫಟಿಕ ಕಟ್ಟುವ ದಾರಿ ಇದಕ್ಕೆ ಒಗ್ಗಲಿಲ್ಲ. ಕೈಹಿಡಿದದ್ದು ಕ್ರಯೋ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ. ಈ ವಿಧಾನದಲ್ಲಿ ಪ್ರೋಟೀನಿನ ದ್ರಾವಣವನ್ನು ತೆಳುವಾದ ಪದರವಾಗಿ ಹರಡಿ, ದ್ರವ ಸಾರಜನಕದಿಂದ ತಣಿಸಿದ ದ್ರವ ಈಥೇನಿನಲ್ಲಿ ಥಟ್ಟನೆ ಅದ್ದುತ್ತಾರೆ. ನೀರಿಗೆ ಹರಳುಗಟ್ಟಲು ಪುರುಸೊತ್ತು ಸಿಗುವುದಿಲ್ಲ. ಅದು ಗಾಜಿನ ಸ್ಥಿತಿಗೆ ಹೋಗುತ್ತದೆ, ಪ್ರೋಟೀನ್‌ಗಳು ಯಾವ ಭಂಗಿಯಲ್ಲಿದ್ದವೋ ಅದೇ ಭಂಗಿಯಲ್ಲಿ ಸೆರೆಯಾಗುತ್ತವೆ. ಆಮೇಲೆ ಲಕ್ಷಗಟ್ಟಲೆ ಅಣುಗಳ ಮಸುಕಾದ ಚಿತ್ರಗಳನ್ನು ಕಂಪ್ಯೂಟರ್ ಭಂಗಿವಾರು ವಿಂಗಡಿಸಿ, ಒಂದೊಂದು ಗುಂಪಿನಿಂದ ಒಂದೊಂದು ಮೂರು ಆಯಾಮದ ರಚನೆಯನ್ನು ಕಟ್ಟುತ್ತದೆ. ಈ ವಿಧಾನವನ್ನು ರೂಪಿಸಿದ ಜಾಕ್ ದುಬೋಶೆ, ಯೋಆಕಿಮ್ ಫ್ರಾಂಕ್, ರಿಚರ್ಡ್ ಹೆಂಡರ್ಸನ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಅಲುಗಾಡುವ ಕೂಟಗಳಿಗೆ ಇದು ಹೇಳಿಮಾಡಿಸಿದ ವಿಧಾನ, ಏಕೆಂದರೆ ಇಲ್ಲಿ ಅಲುಗಾಟವೂ ಮಾಹಿತಿಯೇ ಆಗುತ್ತದೆ.

ಬರ್ಕ್ಲಿಯ ಈವಾ ನೊಗಾಲೆಸ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಟಿಎಫ್2ಡಿಯ ನಡವಳಿಕೆ ಹಂತಹಂತವಾಗಿ ಕಂಡಿತು. ಕೂಟಕ್ಕೆ ಮೂರು ಹಾಲೆಗಳಿವೆ. ಎ, ಬಿ, ಸಿ ಎಂದೇ ಕರೆಯುತ್ತಾರೆ. ಬಿ ಮತ್ತು ಸಿ ಒಟ್ಟಿಗೆ ಗಟ್ಟಿಯಾಗಿ ನಿಂತರೆ, ಎ ಹಾಲೆ ಅತ್ತಿತ್ತ ಚಲಿಸುತ್ತದೆ. ಟಿಬಿಪಿ ಇರುವುದು ಈ ಚಲಿಸುವ ಹಾಲೆಯಲ್ಲಿ, ಅದೂ ಮುಚ್ಚಿದ ಸ್ಥಿತಿಯಲ್ಲಿ: ಟಾಫ್1 ಪ್ರೋಟೀನಿನ ಒಂದು ತುದಿ ಟಿಬಿಪಿಯ ಡಿಎನ್‌ಎ ಹಿಡಿಯುವ ಒಳಮೈಗೆ ಅಂಟಿಕೊಂಡು, ಅದು ಕಂಡಕಂಡಲ್ಲಿ ಡಿಎನ್‌ಎ ಬಗ್ಗಿಸದಂತೆ ತಡೆದಿರುತ್ತದೆ. ಮೊದಲು ಸಿ ಹಾಲೆಯ ಟಾಫ್1 ಮತ್ತು ಟಾಫ್2 ಆರಂಭಬಿಂದುವಿನ ಸುತ್ತಲಿನ ಮತ್ತು ಅದರ ಮುಂದಿನ ಡಿಎನ್‌ಎಯನ್ನು ಹಿಡಿಯುತ್ತವೆ. ಆಗ ಡಿಎನ್‌ಎಯ ಹಿಂಬದಿ ಎ ಹಾಲೆಯ ಓಡಾಟದ ದಾರಿಗೆ ಬರುತ್ತದೆ. ಟಿಬಿಪಿಯ ಮುಚ್ಚಳ ಸರಿಯುತ್ತದೆ, ಟಿಎಫ್2ಎ ನೆರವಿಗೆ ನಿಲ್ಲುತ್ತದೆ, ಟಿಬಿಪಿ ಡಿಎನ್‌ಎ ಮೇಲೆ ಇಳಿಯುತ್ತದೆ. ಇಳಿಯುವ ಜಾಗ ಕೂಟದ ಅಳತೆಯಿಂದಲೇ ನಿಗದಿಯಾಗಿರುತ್ತದೆ: ಆರಂಭಬಿಂದುವಿಗಿಂತ ಸುಮಾರು 30 ಜೋಡಿ, ಎಂದರೆ 10 ನ್ಯಾನೋಮೀಟರ್ ಹಿಂದೆ. ಅಡಿಕೆ ತೋಟದಲ್ಲಿ ಹೊಸ ಸಾಲು ಹಾಕುವವರು ಒಂದು ಕಡೆ ಗೂಟ ಹೊಡೆದು, ಅಳತೆಯ ಹಗ್ಗ ಬಿಗಿಯಾಗಿ ಎಳೆದು, ಅದರ ಇನ್ನೊಂದು ತುದಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಸಸಿಯ ಗುಂಡಿ ತೋಡುತ್ತಾರೆ. ಅಲ್ಲಿನ ಮಣ್ಣು ಕೆಂಪೋ ಕಪ್ಪೋ ಎಂದು ನೋಡುವುದಿಲ್ಲ. ಟಿಎಫ್2ಡಿ ಮಾಡುವುದೂ ಅದನ್ನೇ. ಟಾಟಾ ಅಕ್ಷರಗಳು ಸಿಕ್ಕರೆ ಹಿಡಿತ ಬಿಗಿಯಾಗುತ್ತದೆ, ಸಿಗದಿದ್ದರೆ ಅಳತೆಯೇ ಸಾಕು.

ಟಾಟಾ ಇಲ್ಲದ ಜಾಗದಲ್ಲಿಯೂ ಟಿಬಿಪಿ ಡಿಎನ್‌ಎಯನ್ನು ಹೆಚ್ಚುಕಡಿಮೆ ಅದೇ ರೀತಿ ಬಗ್ಗಿಸುತ್ತದೆ ಎಂಬುದನ್ನು ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಶು ಯಾನ್‌ಹುಯಿ ಅವರ ತಂಡ 2021ರಲ್ಲಿ ಮಾನವ ಪ್ರೋಟೀನ್‌ಗಳಲ್ಲೇ ತೋರಿಸಿತು. ಈ ಒಂದು ಫಲಿತಾಂಶವನ್ನು ನಾನು ಉಳಿದವಕ್ಕಿಂತ ಮೇಲೆ ಇಡುತ್ತೇನೆ, ಏಕೆಂದರೆ ಹೆಚ್ಚಿನ ಜೀನ್‌ಗಳು ಯಾವ ಗುಂಪಿಗೆ ಸೇರಿವೆಯೋ ಆ ಗುಂಪಿನ ಲೆಕ್ಕ ಇದರಿಂದ ಬಗೆಹರಿಯಿತು. ಹಾಗೆಂದು ಎಲ್ಲ ಜೀನ್‌ಗಳೂ ಒಂದೇ ನಿಗದಿತ ಅಕ್ಷರದಿಂದ ಹೊರಡುತ್ತವೆ ಎಂದು ತಿಳಿಯಬಾರದು. ಟಾಟಾ ಇಲ್ಲದ ಅನೇಕ ಪ್ರೊಮೋಟರ್‌ಗಳಲ್ಲಿ ಆರಂಭಬಿಂದುಗಳು ಹತ್ತಾರು ಜೋಡಿಗಳ ವಲಯದಲ್ಲಿ ಚದುರಿಕೊಂಡಿರುತ್ತವೆ.

ಮುಂದಿನ ಜೋಡಣೆಯನ್ನು ಬೇಗ ಹೇಳಬಹುದು. ಬಾಗಿದ ಡಿಎನ್‌ಎ ಮತ್ತು ಟಿಬಿಪಿ ಎರಡನ್ನೂ ಒಟ್ಟಿಗೆ ಹಿಡಿಯುವ ಟಿಎಫ್2ಬಿ ಇನ್ನೊಂದು ತುದಿಯಲ್ಲಿ ಪಾಲಿಮರೇಸಿನ ಸೀಳಿನೊಳಗೆ ಚಾಚಿಕೊಳ್ಳುತ್ತದೆ. ಇದರಿಂದಾಗಿ ಟಿಬಿಪಿ ಕುಳಿತ ಜಾಗಕ್ಕೂ ಕಿಣ್ವದ ಕ್ರಿಯಾಸ್ಥಾನಕ್ಕೂ ನಡುವಿನ ದೂರ ಸ್ಥಿರವಾಗುತ್ತದೆ. ಟಿಎಫ್2ಎಫ್ ಪಾಲಿಮರೇಸಿನ ಜೊತೆಗೇ ಬಂದು ಜೋಡಣೆಯನ್ನು ಭದ್ರಪಡಿಸುತ್ತದೆ. ಟಿಎಫ್2ಇ ಬಂದು ಟಿಎಫ್2ಎಚ್ ಅನ್ನು ಕರೆತರುತ್ತದೆ.

ಟಿಎಫ್2ಎಚ್ ಬಳಿ ಮತ್ತೆ ನಿಧಾನಿಸಬೇಕು. ಇಷ್ಟು ಹೊತ್ತಿಗೆ ಪಾಲಿಮರೇಸ್ ಸರಿಯಾದ ಜಾಗದ ಮೇಲೆ ನಿಂತಿದೆ, ಆದರೆ ಡಿಎನ್‌ಎಯ ಎರಡು ಎಳೆಗಳು ಇನ್ನೂ ಹೊಸೆದುಕೊಂಡೇ ಇವೆ, ಸೀಳಿನ ತಳಕ್ಕೆ ಇಳಿದಿಲ್ಲ. ಬ್ಯಾಕ್ಟೀರಿಯಾದ ಪಾಲಿಮರೇಸ್ ಸಿಗ್ಮಾದ ನೆರವಿನಿಂದ ಎಳೆಗಳನ್ನು ಜೀವಕೋಶದ ಇಂಧನವಾದ ಎಟಿಪಿಯ ಖರ್ಚಿಲ್ಲದೆ ಬಿಡಿಸಿಕೊಳ್ಳುತ್ತದೆ, ನಮ್ಮದೇ ಪಾಲಿಮರೇಸ್-1 ಮತ್ತು 3ಕ್ಕೂ ಅದು ಬೇಕಿಲ್ಲ. ಪಾಲಿಮರೇಸ್-2ಕ್ಕೆ ಮಾತ್ರ ಎಟಿಪಿ ಸುಡುವ ಒಂದು ಮೋಟಾರು ಬೇಕಾಗುತ್ತದೆ. ಹತ್ತು ಉಪಘಟಕಗಳ ಟಿಎಫ್2ಎಚ್‌ನಲ್ಲಿರುವ ಎಕ್ಸ್‌ಪಿಬಿ ಆ ಮೋಟಾರು. ಹಿಂದೆಲ್ಲ ಅದು ಎಳೆಗಳ ನಡುವೆ ನುಗ್ಗಿ ಬೇರ್ಪಡಿಸುತ್ತದೆ ಎಂದು ಭಾವಿಸಲಾಗಿತ್ತು. ರಚನೆಗಳಲ್ಲಿ ಅದು ಕಂಡದ್ದು ಬೇರೆ ಕಡೆ: ಎಳೆಗಳು ಬಿಚ್ಚಿಕೊಳ್ಳುವ ಜಾಗದಲ್ಲಲ್ಲ, ಅಲ್ಲಿಂದ ಮುಂದೆ, ಜೋಡಿಯಾಗಿಯೇ ಇರುವ ಡಿಎನ್‌ಎ ಮೇಲೆ. ಅಲ್ಲಿ ಕುಳಿತು ಅದು ಡಿಎನ್‌ಎಯನ್ನು ಪಾಲಿಮರೇಸಿನ ಸೀಳಿನ ಕಡೆಗೆ ತಿರುಚುತ್ತ ನೂಕುತ್ತದೆ. ಹಿಂಬದಿಯನ್ನು ಟಿಬಿಪಿ ಮತ್ತು ಟಿಎಫ್2ಬಿ ಗಟ್ಟಿಯಾಗಿ ಹಿಡಿದಿರುವುದರಿಂದ ಡಿಎನ್‌ಎ ಅತ್ತ ಜಾರುವಂತಿಲ್ಲ. ಒತ್ತಡ ನಡುವೆ ಸೇರಿ ಸುರುಳಿ ಸಡಿಲವಾಗುತ್ತದೆ, ಎಳೆಗಳು ಬಿಚ್ಚಿಕೊಳ್ಳುತ್ತವೆ, ಒಂದು ಎಳೆ ಕ್ರಿಯಾಸ್ಥಾನಕ್ಕೆ ಇಳಿಯುತ್ತದೆ. ನೊಗಾಲೆಸ್ ತಂಡ 2016ರಲ್ಲಿ ಬಿಡಿಸುವ ಮುಂಚಿನ, ಬಿಡಿಸಿದ ಮತ್ತು ಆರ್‌ಎನ್‌ಎ ಮೂಡತೊಡಗಿದ ಮೂರೂ ಸ್ಥಿತಿಗಳನ್ನು ಮಾನವ ಕೂಟದಲ್ಲಿ ಕಟ್ಟಿ ತೋರಿಸಿತ್ತು.

ಎಕ್ಸ್‌ಪಿ ಎಂಬ ಅಕ್ಷರಗಳು ಬಂದದ್ದು ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಿಂದ. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಗಳಲ್ಲಿ ಡಿಎನ್‌ಎಯ ಅಕ್ಕಪಕ್ಕದ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಬೇಸಿಗೆಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ನೆರಳಿಲ್ಲದೆ ದುಡಿಯುವವರ ಚರ್ಮದಲ್ಲಿ ಇದು ದಿನವಿಡೀ ನಡೆಯುತ್ತಿರುತ್ತದೆ, ದಿನವಿಡೀ ದುರಸ್ತಿಯೂ ಆಗುತ್ತಿರುತ್ತದೆ: ಕೆಟ್ಟ ಜಾಗದ ಸುತ್ತ ಎಳೆ ಬಿಡಿಸಿ, ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು, ಹೊಸದನ್ನು ತುಂಬಲಾಗುತ್ತದೆ. ಇಲ್ಲಿ ಎಳೆ ಬಿಡಿಸುವುದಕ್ಕೆ ಬರುವುದೂ ಟಿಎಫ್2ಎಚ್ ಕೂಟವೇ ಎಂದು ಸ್ಟ್ರಾಸ್‌ಬೋರ್ಗ್‌ನ ಜಾನ್-ಮಾರ್ಕ್ ಎಗ್ಲಿ ಅವರ ತಂಡ 1993ರಲ್ಲಿ ಕಂಡುಕೊಂಡಾಗ ಜೀನ್ ಆರಂಭವನ್ನು ಅಭ್ಯಾಸ ಮಾಡುವವರಿಗೂ ಡಿಎನ್‌ಎ ದುರಸ್ತಿಯನ್ನು ಅಭ್ಯಾಸ ಮಾಡುವವರಿಗೂ ಏಕಕಾಲಕ್ಕೆ ಅಚ್ಚರಿಯಾಯಿತು. ಎರಡು ಕೆಲಸಗಳಲ್ಲಿ ಒಂದೇ ಕೂಟ ಬೇರೆಬೇರೆ ಅಂಗ ಬಳಸುತ್ತದೆ. ಜೀನ್ ಆರಂಭಿಸುವಾಗ ದುಡಿಯುವುದು ಎಕ್ಸ್‌ಪಿಬಿ. ಅದರ ಜೊತೆಗಾರ ಎಕ್ಸ್‌ಪಿಡಿ ಆಗ ಡಿಎನ್‌ಎಯನ್ನು ಮುಟ್ಟುವುದೂ ಇಲ್ಲ, ಮ್ಯಾಟ್1 ಎಂಬ ಇನ್ನೊಂದು ಉಪಘಟಕ ಅದನ್ನು ತಡೆಹಿಡಿದಿರುತ್ತದೆ. ದುರಸ್ತಿಯ ಹೊತ್ತಿಗೆ ಮ್ಯಾಟ್1 ಕಳಚಿಕೊಂಡು ಎಕ್ಸ್‌ಪಿಡಿ ಕೆಲಸಕ್ಕಿಳಿಯುತ್ತದೆ. ಒಂದೇ ಎಕ್ಸ್‌ಪಿಡಿ ಜೀನಿನ ದೋಷದಿಂದ ಎರಡು ಬೇರೆ ಕಾಯಿಲೆಗಳು ಬರುವುದು ಇದರಿಂದ ಅರ್ಥವಾಗುತ್ತದೆ. ಎಳೆ ಬಿಡಿಸುವ ಶಕ್ತಿಯೊಂದೇ ಹೋದರೆ ಮಗುವಿಗೆ ಬಿಸಿಲು ತಾಳದೆ ಚಿಕ್ಕಂದಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ದೋಷದಿಂದ ಇಡೀ ಟಿಎಫ್2ಎಚ್ ಕೂಟವೇ ದುರ್ಬಲವಾದರೆ ಕೂದಲು ಪೆಡಸಾಗಿ ಮುರಿಯುವ, ಬೆಳವಣಿಗೆ ಕುಂಠಿತವಾಗುವ ಟ್ರೈಕೋಥಯೋಡಿಸ್ಟ್ರೋಫಿ ಕಾಣಿಸಿಕೊಳ್ಳುತ್ತದೆ.

ಎಳೆ ಬಿಡಿಸಿಕೊಂಡ ಮೇಲೆ ಎದುರಾಗುವ ತೊಡಕು ತಿರುಗುಮುರುಗಾದದ್ದು: ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸಿದ ಹಿಡಿತವನ್ನೇ ಈಗ ಬಿಡಿಸಿಕೊಂಡು ಹೊರಡಬೇಕು. ಹೊಸ ಆರ್‌ಎನ್‌ಎ ಹೊರಬರುವ ದಾರಿಯಲ್ಲಿ ಟಿಎಫ್2ಬಿಯ ಚಾಚು ಅಡ್ಡ ನಿಂತಿದೆ. ಆರ್‌ಎನ್‌ಎ ಹತ್ತು ಹನ್ನೆರಡು ಅಕ್ಷರ ಬೆಳೆಯುವ ಹೊತ್ತಿಗೆ ಅದಕ್ಕೆ ಢಿಕ್ಕಿ ಹೊಡೆಯುತ್ತದೆ. ಒಂದೋ ಆರ್‌ಎನ್‌ಎ ತುಂಡು ಉದುರಿ ಮೊದಲಿನಿಂದ ಶುರುವಾಗಬೇಕು, ಇಲ್ಲವೇ ಟಿಎಫ್2ಬಿ ಜಾಗ ಬಿಡಬೇಕು. ಇನ್ನೊಂದು ಹಿಡಿತ ಪಾಲಿಮರೇಸಿನ ಬಾಲದ್ದು. ಅದರ ಅತಿದೊಡ್ಡ ಉಪಘಟಕಕ್ಕೆ ಏಳು ಅಮೈನೋ ಆಮ್ಲಗಳ ಒಂದೇ ಸಾಲು 52 ಸಲ ಮರುಕಳಿಸುವ ಉದ್ದನೆಯ ಬಾಲವಿದೆ. ಯೀಸ್ಟಿನಲ್ಲಿ ಅದು 26 ಸಲ. ಗಟ್ಟಿಯಾದ ಆಕಾರವಿಲ್ಲದ ಈ ಬಾಲ ರಚನೆಗಳಲ್ಲಿ ಬಹುಮಟ್ಟಿಗೆ ಅದೃಶ್ಯ. ಅದನ್ನು ಹಿಡಿದುಕೊಳ್ಳುವುದು ಮೀಡಿಯೇಟರ್ ಎಂಬ ಮತ್ತೊಂದು ಭಾರೀ ಕೂಟ. ದೂರದ ಡಿಎನ್‌ಎ ಮೇಲೆ ಕುಳಿತ ನಿಯಂತ್ರಕ ಪ್ರೋಟೀನ್‌ಗಳ ಆದೇಶವನ್ನು ಪಾಲಿಮರೇಸಿಗೆ ತಲುಪಿಸುವುದು ಮೀಡಿಯೇಟರಿನ ಕೆಲಸ, ಮತ್ತು ಅದು ಟಿಎಫ್2ಎಚ್‌ನಲ್ಲಿರುವ ಸಿಡಿಕೆ7 ಕಿಣ್ವವನ್ನು ಬಾಲದ ಬಳಿಗೆ ತಂದು ನಿಲ್ಲಿಸುತ್ತದೆ. ಸಿಡಿಕೆ7 ಬಾಲದ ಸೆರಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸಿದಾಗ ಮೀಡಿಯೇಟರಿನ ಹಿಡಿತ ಸಡಿಲಗೊಂಡು ಪಾಲಿಮರೇಸ್ ಹೊರಡುತ್ತದೆ. ಮೀಡಿಯೇಟರಿನ ಮೆಡ್12 ಎಂಬ ಉಪಘಟಕದ ರೂಪಾಂತರಗಳು ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳಲ್ಲಿ ಸುಮಾರು 70 ಶೇಕಡಾದಷ್ಟು ಕಂಡುಬಂದವೆಂದು 2011ರಲ್ಲಿ ಫಿನ್‌ಲ್ಯಾಂಡಿನ ಸಂಶೋಧಕರು ವರದಿ ಮಾಡಿದ್ದರು.

ಟಿಎಫ್2ಡಿ, ಟಿಎಫ್2ಎಚ್, ಪಾಲಿಮರೇಸ್, ಮೀಡಿಯೇಟರ್ ಎಲ್ಲವೂ ಸೇರಿದ ಪೂರ್ಣ ಮಾನವ ಕೂಟವನ್ನು ಶು ತಂಡ 2021ರಲ್ಲಿ ಪ್ರಕಟಿಸಿತು: ಅದರಲ್ಲಿ 76 ಪ್ರೋಟೀನ್ ಸರಪಳಿಗಳು, ಒಟ್ಟು ತೂಕ 41 ಲಕ್ಷ ಡಾಲ್ಟನ್, ಅಂದರೆ ಒಂದು ಹಿಮೋಗ್ಲೋಬಿನ್ ಅಣುವಿನ 60 ಪಟ್ಟಿಗೂ ಮಿಗಿಲು. ಸಸ್ತನಿಗಳ ಕೂಟದ ರಚನೆಗಳನ್ನು ಅದೇ ವರ್ಷ ಜರ್ಮನಿಯಲ್ಲಿ ಪ್ಯಾಟ್ರಿಕ್ ಕ್ರೇಮರ್ ಅವರ ತಂಡವೂ ಹೊರತಂದಿತು.

ಇಂಥ ಯಂತ್ರವನ್ನು ನಿಲ್ಲಿಸಲು ದೊಡ್ಡ ಅಣುವೇನೂ ಬೇಕಾಗುವುದಿಲ್ಲ. ಯುರೋಪಿನ ಡೆತ್ ಕ್ಯಾಪ್ ಅಣಬೆಯಲ್ಲಿರುವ ಆಲ್ಫಾ-ಅಮಾನಿಟಿನ್ ಕೇವಲ ಎಂಟು ಅಮೈನೋ ಆಮ್ಲಗಳ ಉಂಗುರ. ಅದು ಪಾಲಿಮರೇಸ್-2ರ ಕ್ರಿಯಾಸ್ಥಾನದ ಹತ್ತಿರ ಸಿಕ್ಕಿಕೊಂಡು, ಕಿಣ್ವ ಒಂದೊಂದೇ ಅಕ್ಷರ ಮುಂದೆ ಸರಿಯುವ ಚಲನೆಯನ್ನೇ ಹಿಡಿದುಬಿಡುತ್ತದೆ. ನಿಮಿಷಕ್ಕೆ ಸಾವಿರಾರು ಅಕ್ಷರ ಜೋಡಿಸುವ ಕಿಣ್ವ ಎರಡು ಮೂರು ಅಕ್ಷರಕ್ಕೆ ಇಳಿಯುತ್ತದೆ. ಬೇಯಿಸಿದರೂ ಈ ವಿಷ ನಾಶವಾಗುವುದಿಲ್ಲ, ತಿಂದ ಮೊದಲ ಆರೆಂಟು ತಾಸು ಯಾವ ಲಕ್ಷಣವೂ ಇರುವುದಿಲ್ಲ, ಆಮೇಲೆ ಯಕೃತ್ತು ಕೆಡುತ್ತದೆ. ಮುಂಗಾರಿನಲ್ಲಿ ಗಟ್ಟದ ಮೇಲಿನ ಸಂತೆಗಳಿಗೆ ಬರುವ ಹುತ್ತದ ಅಣಬೆ ಇದಲ್ಲ. ಆದರೂ ಅಮಾನಿಟಿನ್ ಇರುವ ಬೇರೆ ಜಾತಿಗಳು ಇರುವುದರಿಂದ, ಗುರುತು ಬಲ್ಲ ಹಿರಿಯರು ಬೇಡವೆಂದ ಅಣಬೆಯನ್ನು ತಿನ್ನದಿರುವುದೇ ಲೇಸು.

ರಚನೆಗಳೆಲ್ಲ ಸ್ತಬ್ಧಚಿತ್ರಗಳೆಂಬುದನ್ನು ಮರೆಯಬಾರದು. ಜೀವಂತ ಯೀಸ್ಟ್ ಕೋಶದಲ್ಲಿ ಒಂದೊಂದೇ ಅಣುವನ್ನು ಬೆಳಕಿನಿಂದ ಹಿಂಬಾಲಿಸಿದವರು ಈ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ಪ್ರೊಮೋಟರ್ ಮೇಲೆ ಕೆಲವೇ ಸೆಕೆಂಡು ನಿಲ್ಲುತ್ತವೆಂದು ಕಂಡಿದ್ದಾರೆ. ಚಿತ್ರದಲ್ಲಿ ಗಟ್ಟಿ ಕಟ್ಟಡವಾಗಿ ತೋರುವುದು ಕೋಶದಲ್ಲಿ ಬಂದು ಸೇರಿ ಚದುರುವ ಗುಂಪು. ಈ ಕೊರತೆಯನ್ನು ತುಂಬಲು ಚಿತ್ರಗಳನ್ನು ಒತ್ತೊತ್ತಾಗಿ ತೆಗೆಯುವುದು ಒಂದು ದಾರಿ. 2023ರಲ್ಲಿ ಶು ತಂಡ ಆರ್‌ಎನ್‌ಎ 2 ಅಕ್ಷರ ಉದ್ದವಿದ್ದಾಗಿನಿಂದ 17 ಅಕ್ಷರವಾಗುವವರೆಗೆ, ಪ್ರತಿ ಅಕ್ಷರಕ್ಕೂ ಒಂದರಂತೆ, 16 ಹಂತಗಳಲ್ಲಿ ಮಾನವ ಕೂಟವನ್ನು ನಿಲ್ಲಿಸಿ ರಚನೆಗಳನ್ನು ಕಟ್ಟಿತು. ಬಿಚ್ಚಿದ ಡಿಎನ್‌ಎಯ ಹಿಂಬದಿ ಮತ್ತೆ ಜೋಡಿಗೂಡುವುದು, ಆರಂಭದ ಪ್ರೋಟೀನ್‌ಗಳ ಹಿಡಿತ ತಪ್ಪುವುದು, ಎರಡೂ ಒಂಬತ್ತು ಹತ್ತನೆಯ ಅಕ್ಷರದ ಆಸುಪಾಸಿನಲ್ಲಿ ಶುರುವಾಗುವುದನ್ನು ಆ ಸರಣಿಯಲ್ಲಿ ಒಂದೊಂದೇ ಹೆಜ್ಜೆಯಾಗಿ ನೋಡಬಹುದು.